ಸೆರಗಿನ ಕೆಳಗಿನ ಗಾಯ

(ಧುಪದಾಳದಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಹೊಲದ ಕೆಲಸ, ಮನೆಯ ಕೆಲಸ ಎರಡನ್ನೂ ಬದಿಗಿಟ್ಟು ಇಷ್ಟು ಜನ ಬಂದಿದ್ದೀರಿ. ಪ್ರತಿ ಸಲ ನಾವು ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿ.ಪಿ., ಮಕ್ಕಳ ಲಸಿಕೆ ಅಂತ ಮಾತಾಡುತ್ತೇವೆ. ಇವತ್ತಿನ ವಿಷಯ ಬೇರೆ. ತಲೆಯ ಚರ್ಮಕ್ಕೆ ಬರುವ ಕ್ಯಾನ್ಸರ್, ಮತ್ತು ಅದನ್ನು ಕತ್ತರಿಸಿ ತೆಗೆದ ಮೇಲೆ ಆ ಜಾಗವನ್ನು ಡಾಕ್ಟರರು ಹೇಗೆ ಮುಚ್ಚುತ್ತಾರೆ ಎನ್ನುವುದು.

"ಇದು ನಮಗ್ಯಾಕ ಬೇಕ್ರಿ?" ಎಂದು ಯಾರಾದರೂ ಕೇಳಬಹುದು. ಅದಕ್ಕೆ ಮೊದಲು ಒಬ್ಬ ಅಕ್ಕನ ಸಂಗತಿ ಹೇಳುತ್ತೇವೆ. ಹೆಸರು, ಊರು ಹೇಳುವುದಿಲ್ಲ. "ನನ್ನ ಹೆಸರ ಬ್ಯಾಡ್ರಿ, ಗಾಯದ ಸುದ್ದಿ ಮಾತ್ರ ಎಲ್ಲಾರಿಗೂ ಹೇಳ್ರಿ" ಎಂದು ಅವರೇ ನಮಗೆ ಒಪ್ಪಿಗೆ ಕೊಟ್ಟಿದ್ದಾರೆ.

ಆ ಅಕ್ಕ ಸಂಘದ ಹಳೆಯ ಸದಸ್ಯೆ. ವಯಸ್ಸು 55ರ ಮೇಲೆ. ಚಿಕ್ಕವರಿದ್ದಾಗ ಚಿಮಣಿ ದೀಪ ಉರುಳಿ ಬಿದ್ದು ತಲೆಯ ಒಂದು ಬದಿ ಸುಟ್ಟಿತ್ತು. ಗಾಯ ಮಾಯಿತು. ಆದರೆ ಅಂಗೈಯಷ್ಟು ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಅಂದಿನಿಂದ ಅವರ ತಲೆಯ ಮೇಲಿನ ಸೆರಗು ಇಳಿದದ್ದನ್ನು ನಾವ್ಯಾರೂ ನೋಡಿಲ್ಲ. ಮದುವೆಯಾಯಿತು, ಮಕ್ಕಳಾದರು, ಮೊಮ್ಮಕ್ಕಳಾದರು. ನಲವತ್ತು ವರ್ಷಕ್ಕೂ ಮೇಲೆ ಸುಮ್ಮನಿದ್ದ ಆ ಹಳೆಯ ಕಲೆಯ ನಡುವೆ ಒಂದು ದಿನ ಸಣ್ಣದೊಂದು ಹುಣ್ಣು ಎದ್ದಿತು. ಅರಿಶಿಣ ಹಚ್ಚಿದರು. ಬೇವಿನ ಎಲೆ ಅರೆದು ಹಚ್ಚಿದರು. ಔಷಧದ ಅಂಗಡಿಯಿಂದ ಮುಲಾಮು ತಂದರು. ಒಬ್ಬ ಡಾಕ್ಟರರು ಹೋದಾಗಲೆಲ್ಲ ಇಂಜೆಕ್ಷನ್ ಮಾಡಿ, ಬೇರೆ ಮುಲಾಮು ಬರೆದು ಕೊಟ್ಟರು. ಸ್ವಲ್ಪ ಒಣಗುವುದು, ಮೇಲಿನ ಹಕ್ಕಳೆ ಕಿತ್ತು ಬರುವುದು, ಮತ್ತೆ ರಕ್ತ ಜಿನುಗುವುದು, ಹೀಗೇ ಒಂದೂವರೆ ವರ್ಷ ಕಳೆಯಿತು.

ಈ ಒಂದೂವರೆ ವರ್ಷ ಆ ಅಕ್ಕ ಪ್ರತಿ ತಿಂಗಳೂ ಸಂಘದ ಸಭೆಗೆ ಬಂದರು. ಉಳಿತಾಯ ಕಟ್ಟಿದರು, ಸಹಿ ಮಾಡಿದರು, ಗೋಡೆಯ ಬದಿಗೆ ಕುಳಿತು ಎದ್ದು ಹೋದರು. ಅವರ ಹತ್ತಿರ ಒಂದು ವಾಸನೆ ಬರುತ್ತಿತ್ತು. ಪಕ್ಕದವರು ಸ್ವಲ್ಪ ಸರಿದು ಕೂಡುತ್ತಿದ್ದರು. ನಾವು ಅದನ್ನು ನೋಡಿದೆವು. "ಕೇಳಿದ್ರ ಬ್ಯಾಸರ ಮಾಡ್ಕೊಂಡಾರು" ಎಂದು ಸುಮ್ಮನಿದ್ದೆವು. ಆರೋಗ್ಯದ ಪಾಠ ಹೇಳುವ ನಾವೇ ಕೇಳಲಿಲ್ಲ. ಈ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡೇ ನಾವು ಮುಂದಿನ ಮಾತು ಆಡಬೇಕು. ಒಂದು ಸಭೆಯಲ್ಲಿ ಅವರ ಸೆರಗಿನ ಮೇಲೆ ರಕ್ತದ ಕಲೆ ಕಾಣಿಸಿದಾಗ ಮಾತ್ರ ಒಳಗೆ ಕರೆದುಕೊಂಡು ಹೋಗಿ ನೋಡಿದೆವು. ಆಗ ಹುಣ್ಣು ಹಳೆಯ ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿತ್ತು. ಅಂಚು ದಪ್ಪಗಾಗಿ ಹೂಕೋಸಿನ ಹಾಗೆ ಎದ್ದಿತ್ತು.

ಇದು ಯಾರಿಗೆ ಬರುತ್ತದೆ?

ಬಿಳಿಯರ ದೇಶಗಳಲ್ಲಿ ಚರ್ಮದ ಕ್ಯಾನ್ಸರ್ ಬಹಳ ಸಾಮಾನ್ಯ. ನಮ್ಮ ಚರ್ಮದಲ್ಲಿ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಹೆಚ್ಚು. ಅದು ಬಿಸಿಲಿಗೆ ಕೊಡೆ ಹಿಡಿದ ಹಾಗೆ ಕಾಯುತ್ತದೆ. ಆದ್ದರಿಂದ ನಮ್ಮಲ್ಲಿ ಈ ಕ್ಯಾನ್ಸರ್ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕಡಿಮೆ ಇರುವುದರಿಂದಲೇ ಯಾರಿಗೂ ಅದರ ನೆನಪು ಬರುವುದಿಲ್ಲ, ತಡವಾಗುತ್ತದೆ.

ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ 3 ವಿಧ. ಬೇಸಲ್ ಸೆಲ್ ಎಂಬುದು ನಿಧಾನವಾಗಿ ಬೆಳೆಯುತ್ತದೆ, ಬೇರೆ ಕಡೆ ಹರಡುವುದು ತೀರ ಅಪರೂಪ. ಆದರೆ ಬಿಟ್ಟರೆ ಇದ್ದಲ್ಲೇ ಕೊರೆಯುತ್ತ ಎಲುಬಿನವರೆಗೆ ಹೋಗುತ್ತದೆ. ಸ್ಕ್ವೇಮಸ್ ಸೆಲ್ ಎಂಬುದು ಕುತ್ತಿಗೆಯ, ಕಿವಿಯ ಸುತ್ತಲಿನ ಗಂಟುಗಳಿಗೆ ಹರಡಬಲ್ಲದು. ಮೆಲನೋಮ ಎಂಬುದು ಕಪ್ಪು ಮಚ್ಚೆಯ ರೂಪದಲ್ಲಿ ಬರುವುದು ಹೆಚ್ಚು. ಮೂರರಲ್ಲಿ ಇದೇ ಅಪಾಯಕಾರಿ.

ನಮ್ಮ ಭಾಗದಲ್ಲಿ ಮುಖ್ಯವಾಗಿ ಇಂಥವರು ಜಾಗರೂಕರಾಗಿರಬೇಕು:

1. ತಲೆಯ ಮೇಲೆ ಸುಟ್ಟ ಗಾಯದ ಹಳೆಯ ಕಲೆ ಇರುವವರು, ವರ್ಷಗಟ್ಟಲೆ ಮಾಯದ ಹುಣ್ಣು ಇರುವವರು. ಇಂಥ ಹಳೆಯ ಕಲೆಯಲ್ಲಿ ಏಳುವ ಹುಣ್ಣಿಗೆ ಮಾರ್ಜೊಲೆ ಎಂಬ ಫ್ರೆಂಚ್ ವೈದ್ಯರ ಹೆಸರಿದೆ. ಅವರು 1828ರಲ್ಲೇ ಇದರ ಬಗ್ಗೆ ಬರೆದಿದ್ದರು. ಸುಟ್ಟು 20, 30, 40 ವರ್ಷಗಳಾದ ಮೇಲೂ ಇದು ಬರಬಹುದು.
2. ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವವರು. ಇದು ತೊನ್ನು ಅಲ್ಲ, ಅಂಟುವುದೂ ಇಲ್ಲ. ಅವರ ಚರ್ಮದಲ್ಲಿ ಮೆಲನಿನ್ ಇರುವುದಿಲ್ಲ ಅಥವಾ ತೀರ ಕಡಿಮೆ ಇರುತ್ತದೆ. ಬಿಸಿಲಿನಲ್ಲಿ ದುಡಿದರೆ ಚಿಕ್ಕ ವಯಸ್ಸಿನಲ್ಲೇ ಮುಖ, ಕಿವಿ, ಕುತ್ತಿಗೆ, ತಲೆಯ ಮೇಲೆ ಕ್ಯಾನ್ಸರ್ ಬರಬಹುದು.
3. ತಲೆ ಬೋಳಾಗಿದ್ದು ಜೀವನವಿಡೀ ಬರಿ ತಲೆಯಲ್ಲಿ ಹೊಲದಲ್ಲಿ ದುಡಿದ ಹಿರಿಯರು.
4. ಮೂತ್ರಪಿಂಡ ಬದಲಾಯಿಸಿಕೊಂಡು, ರೋಗ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು.

ನಮ್ಮ ರೂಢಿಗಳಿಗೂ ಚರ್ಮದ ಕ್ಯಾನ್ಸರಿಗೂ ಸಂಬಂಧವಿದೆ ಎಂಬುದನ್ನು ನಮ್ಮ ದೇಶದ ವೈದ್ಯರೇ ತೋರಿಸಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಕೆಂಡದ ಕಾಂಗಡಿ ಇಟ್ಟುಕೊಳ್ಳುವವರಿಗೆ ತೊಡೆ, ಹೊಟ್ಟೆಯ ಚರ್ಮದ ಮೇಲೆ ಕ್ಯಾನ್ಸರ್ ಬರುತ್ತಿತ್ತು. ಧೋತರವನ್ನು ಸೊಂಟಕ್ಕೆ ಬಿಗಿದು ಉಟ್ಟು ಉಜ್ಜಿ ಉಜ್ಜಿ ಕಪ್ಪಾದ ಜಾಗದಲ್ಲಿ ಬರುವ ಕ್ಯಾನ್ಸರ್ ಬಗ್ಗೆ ಮುಂಬಯಿಯ ಡಾ. ಖಾನೋಲ್ಕರ್ 1945ರಲ್ಲಿ ಬರೆದರು. ಎಲ್ಲದರ ಪಾಠ ಒಂದೇ: ಒಂದೇ ಜಾಗದ ಚರ್ಮ ಮತ್ತೆ ಮತ್ತೆ ಸುಟ್ಟರೆ, ಕೆರೆದರೆ, ಒಡೆದರೆ ಅದರ ಮೇಲೆ ಕಣ್ಣಿಡಬೇಕು.

ನಮ್ಮ ಹಿರಿಯರು ಹೊಲಕ್ಕೆ ಹೋಗುವಾಗ ಪಟಗಾ ಸುತ್ತುತ್ತಿದ್ದರು. ಹೆಣ್ಣುಮಕ್ಕಳು ಸೆರಗು ಹೊದೆಯುತ್ತಾರೆ. ಬಿಸಿಲಿಗೆ ಇದು ಒಳ್ಳೆಯ ರಕ್ಷಣೆ, ಬಿಡಬೇಡಿ. ಆದರೆ ಬಿಸಿಲನ್ನು ತಡೆಯುವ ಅದೇ ಬಟ್ಟೆ ಗಾಯವನ್ನೂ ಮುಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಜಡೆ ಗಂಟುಗಟ್ಟಿದವರ ತಲೆಯಲ್ಲೂ ಹೀಗೇ, ಒಳಗೆ ಏನಿದೆ ಎಂಬುದು ಅವರಿಗೇ ಕಾಣುವುದಿಲ್ಲ. ತಲೆ ಬಾಚುವವರು, ಎರೆಯುವವರು, ಕ್ಷೌರ ಮಾಡುವವರು ಇದನ್ನು ಮೊದಲು ನೋಡಬಲ್ಲರು.

ಯಾವಾಗ ತೋರಿಸಬೇಕು?

ಈ ಐದು ಗುರುತುಗಳನ್ನು ನೆನಪಿಟ್ಟುಕೊಳ್ಳಿ:

1. ಒಂದು ತಿಂಗಳಾದರೂ ಮಾಯದ ಹುಣ್ಣು.
2. ಒಣಗಿದಂತಾಗಿ ಮತ್ತೆ ಮತ್ತೆ ಹಕ್ಕಳೆ ಕಿತ್ತು ರಕ್ತ ಬರುವ ಜಾಗ.
3. ಹಳೆಯ ಕಲೆಯಲ್ಲಿ ಹೊಸದಾಗಿ ಎದ್ದ ಗಂಟು, ದಪ್ಪ ಅಂಚು, ಕೆಟ್ಟ ವಾಸನೆ, ನೋವು.
4. ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ಅಂಚು ಸೊಟ್ಟಗಾದ ಮಚ್ಚೆ.
5. ತಲೆಯಲ್ಲಿ ಹುಣ್ಣು, ಜೊತೆಗೆ ಕಿವಿಯ ಮುಂದೆ, ಹಿಂದೆ ಅಥವಾ ಕುತ್ತಿಗೆಯಲ್ಲಿ ಗಂಟು.

ಇವೆಲ್ಲ ಕ್ಯಾನ್ಸರೇ ಎಂದು ಹೆದರಬೇಡಿ. ಹೆಚ್ಚಿನವು ಬೇರೆ ಏನೋ ಆಗಿರುತ್ತವೆ. ಕಣ್ಣಿನಿಂದ ನೋಡಿ ಯಾರೂ ಖಚಿತ ಹೇಳಲಾರರು. ಹುಣ್ಣಿನ ಅಂಚಿನಿಂದ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದೇ ಬಯಾಪ್ಸಿ. "ಸೂಜಿ, ಕತ್ತರಿ ಹಚ್ಚಿದ್ರ ಕ್ಯಾನ್ಸರ್ ಮೈತುಂಬ ಹರಡತೈತಿ" ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಇದೆ. ಈ ಮಾತು ತಪ್ಪು. ಬಯಾಪ್ಸಿಯಿಲ್ಲದೆ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಿದ್ದರೆ ಅದೇ ಹರಡಲು ದಾರಿ.

ಆ ಅಕ್ಕನಿಗೂ ಬಯಾಪ್ಸಿ ಮಾಡಿದರು. ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಎಂದು ಬಂತು. ಕುತ್ತಿಗೆಯ ಗಂಟುಗಳನ್ನು ಪರೀಕ್ಷಿಸಿದರು, ಅಲ್ಲಿಗೆ ಹರಡಿರಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದರು, ತಲೆಬುರುಡೆಯ ಎಲುಬನ್ನು ಕೊರೆದಿರಲಿಲ್ಲ, ಆದರೆ ಗಡ್ಡೆ ಕೆಳಗೆ ಅಂಟಿಕೊಂಡಿತ್ತು. ಆಪರೇಷನ್ ಮಾಡಿಸಬೇಕೆಂದರು. ಆಗ ಮನೆಯಲ್ಲಿ ದೊಡ್ಡ ಗಲಾಟೆ. ಅಕ್ಕನ ಮಾತು ಇದು: "ತಲಿಬುರುಡಿ ತೆಗೀತಾರಂತ. ತೂತು ಹಂಗ ಉಳೀತೈತಂತ. ಹಂಗ ಬದುಕೋದಕ್ಕಿಂತ ಹಿಂಗ ಸಾಯ್ತೀನಿ ಬಿಡ್ರಿ." ಅವರಿಗೆ ಕ್ಯಾನ್ಸರಿನ ಹೆದರಿಕೆಗಿಂತ ತಲೆಯ ಮೇಲೆ ತೆರೆದುಕೊಂಡು ಉಳಿಯುವ ಗಾಯದ ಹೆದರಿಕೆ ದೊಡ್ಡದಾಗಿತ್ತು. ಅದಕ್ಕೇ ಇವತ್ತು ನಾವು ಗಾಯ ಮುಚ್ಚುವ ವಿಷಯವನ್ನೇ ವಿವರವಾಗಿ ಹೇಳಬೇಕೆಂದಿದ್ದೇವೆ. ಮುಚ್ಚಲು ದಾರಿ ಇದೆ ಎಂದು ಗೊತ್ತಿದ್ದರೆ ಜನ ಹೊತ್ತಿಗೆ ಸರಿಯಾಗಿ ಹೋಗುತ್ತಾರೆ.

ತಲೆಯ ಗಾಯ ಮುಚ್ಚುವುದು ಯಾಕೆ ಕಷ್ಟ?

ಕ್ಯಾನ್ಸರ್ ತೆಗೆಯುವಾಗ ಕಾಣುವ ಹುಣ್ಣನ್ನಷ್ಟೇ ತೆಗೆದರೆ ಸಾಲದು. ಕರಕಿ ಕಿತ್ತ ಹಾಗೆ ಮೇಲಿನ ಎಲೆ ಕಿತ್ತರೆ ಬೇರು ಒಳಗೇ ಉಳಿಯುತ್ತದೆ. ಆದ್ದರಿಂದ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯುತ್ತಾರೆ. ಸಣ್ಣ ಬೇಸಲ್ ಸೆಲ್ ಆದರೆ ಸುಮಾರು 4 ಮಿ.ಮೀ. ಸಾಕಾಗಬಹುದು. ಹಳೆಯ ಕಲೆಯ ಕ್ಯಾನ್ಸರ್ ಆದರೆ 2 ಸೆಂ.ಮೀ.ವರೆಗೂ ತೆಗೆಯಬೇಕಾಗಬಹುದು. ಹಾಗಾಗಿ ನಾಣ್ಯದಷ್ಟು ಹುಣ್ಣು ತೆಗೆದ ಮೇಲೆ ಉಳಿಯುವ ಗಾಯ ಅಂಗೈಯಷ್ಟಾಗುತ್ತದೆ. ತೆಗೆದದ್ದರ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿಲ್ಲವೇ ಎಂದು ಪರೀಕ್ಷಿಸುತ್ತಾರೆ. ಕೆಲವು ಸಲ ಆ ರಿಪೋರ್ಟ್ ಬರುವವರೆಗೆ ಬರಿ ಡ್ರೆಸಿಂಗ್ ಹಾಕಿ ಕಾಯುತ್ತಾರೆ. "ಡಾಕ್ಟರ್ ಗಾಯ ತೆರದ ಇಟ್ಟಾರ" ಎಂದು ಗಾಬರಿಯಾಗಬೇಡಿ. ಒಳಗೆ ಕ್ಯಾನ್ಸರ್ ಉಳಿಸಿ ಮೇಲೆ ಚೆಂದ ಮುಚ್ಚಿದರೆ ಏನು ಬಂತು?

ಕೈ, ಹೊಟ್ಟೆಯ ಚರ್ಮವನ್ನು ಚಿವುಟಿ ಎತ್ತಿ ನೋಡಿ, ಎದ್ದು ಬರುತ್ತದೆ. ತಲೆಯ ಚರ್ಮವನ್ನು ಹಾಗೆ ಎತ್ತಿ ನೋಡಿ, ಬರುವುದಿಲ್ಲ. ಯಾಕೆಂದರೆ ತಲೆಯ ಹೊದಿಕೆಗೆ 5 ಪದರಗಳಿವೆ. ಮೇಲೆ ಕೂದಲಿರುವ ಚರ್ಮ. ಅದರ ಕೆಳಗೆ ರಕ್ತನಾಳಗಳು ಓಡಾಡುವ ಗಟ್ಟಿ ಪದರ. ಮೂರನೆಯದು ಜಗ್ಗದ, ದಪ್ಪ ಬಟ್ಟೆಯಂಥ ಪದರ. ನಾಲ್ಕನೆಯದು ಸಡಿಲಾದ ಪದರ, ಅದರಿಂದಲೇ ನಾವು ಹುಬ್ಬೇರಿಸಿದಾಗ ತಲೆಯ ಚರ್ಮ ಹಿಂದೆ ಮುಂದೆ ಜಾರುತ್ತದೆ. ಐದನೆಯದು ಎಲುಬಿಗೆ ಅಂಟಿದ ತೆಳುವಾದ ಪೊರೆ. ಮೂರನೆಯ ಪದರ ಜಗ್ಗುವುದಿಲ್ಲವಾದ್ದರಿಂದ ಸುಮಾರು 3 ಸೆಂ.ಮೀ.ಗಿಂತ ದೊಡ್ಡ ಗಾಯವನ್ನು ಎರಡೂ ಅಂಚು ಎಳೆದು ಹೊಲಿಯಲು ಸಾಮಾನ್ಯವಾಗಿ ಆಗುವುದಿಲ್ಲ.

ಒಂದು ಒಳ್ಳೆಯ ಸಂಗತಿಯೂ ಇದೆ. ಹಣೆ, ಕಪಾಲ, ಕಿವಿಯ ಹಿಂದೆ, ಹೆಡತಲೆ ಹೀಗೆ ಎರಡೂ ಕಡೆಯಿಂದ 5 ಜೊತೆ ರಕ್ತನಾಳಗಳು ಬಂದು ತಲೆಯ ಚರ್ಮಕ್ಕೆ ರಕ್ತ ಕೊಡುತ್ತವೆ. ತಲೆ ಒಡೆದಾಗ ಅಷ್ಟು ರಕ್ತ ಸುರಿಯುವುದು ಇದಕ್ಕೇ. ಅಷ್ಟು ಬೇಗ ಮಾಯುವುದೂ ಇದಕ್ಕೇ.

ಮುಚ್ಚುವ ದಾರಿಗಳು

ಈ ಕೆಲಸ ಮಾಡುವವರು ಪ್ಲಾಸ್ಟಿಕ್ ಸರ್ಜನ್. ಹೆಸರು ಕೇಳಿ ಪ್ಲಾಸ್ಟಿಕ್ ಹಚ್ಚುತ್ತಾರೆ ಎಂದು ತಿಳಿಯಬೇಡಿ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ರೂಪ ಕೊಡುವುದು ಎಂದರ್ಥ. ನಮ್ಮದೇ ಮೈಯ ಚರ್ಮದಿಂದ ನಮ್ಮದೇ ಗಾಯ ಮುಚ್ಚುತ್ತಾರೆ.

ನಾವೆಲ್ಲ ಕಾಲುವೆ ನೀರಿನ ಜನ. ಧುಪದಾಳದ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರೆ ಬೆಳೆ, ಇಲ್ಲದಿದ್ದರೆ ಇಲ್ಲ. ಚರ್ಮದ ಲೆಕ್ಕವೂ ಹಾಗೇ. ರಕ್ತವೇ ಅದರ ನೀರು. ಪ್ರತಿಯೊಂದು ದಾರಿಯಲ್ಲೂ ಪ್ರಶ್ನೆ ಒಂದೇ: ಈ ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತದೆ?

ಮೊದಲನೆಯದು, ನೇರವಾಗಿ ಹೊಲಿಯುವುದು. ಗಾಯ ಸಣ್ಣದಿದ್ದರೆ ಇಷ್ಟೇ ಸಾಕು. ಬೇಗ ಬಂದವರಿಗೆ ಸಿಗುವ ಲಾಭ ಇದು.

ಎರಡನೆಯದು, ಚರ್ಮದ ನಾಟಿ, ಅಂದರೆ ಗ್ರಾಫ್ಟ್. ತೊಡೆಯಿಂದ ಚರ್ಮದ ತೆಳುವಾದ ಪದರ ಹೆರೆದು ತಂದು ಗಾಯದ ಮೇಲೆ ಹಾಸುತ್ತಾರೆ. ತಂದ ಚರ್ಮಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ. ಮೊದಲ ಎರಡು ದಿನ ಕೆಳಗಿನ ಹಸಿಯನ್ನು ಹೀರಿಕೊಂಡು ಬದುಕುತ್ತದೆ, ಆಮೇಲೆ ಕೆಳಗಿನಿಂದ ಸಣ್ಣ ರಕ್ತನಾಳಗಳು ಬಂದು ಸೇರುತ್ತವೆ. ಆ ದಿನಗಳಲ್ಲಿ ಅದು ಸರಿದಾಡಬಾರದು, ಅದಕ್ಕೇ ಒತ್ತಿ ಕಟ್ಟಿರುತ್ತಾರೆ. ತೊಡೆಯ ಜಾಗ ಸುಮಾರು ಎರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಆದರೆ ನಾಟಿಗೆ ಕೆಳಗೆ ಮಣ್ಣು ಬೇಕು. ಎಲುಬಿನ ಮೇಲಿನ ಆ ತೆಳು ಪೊರೆ ಉಳಿದಿದ್ದರೆ ಅದೇ ಮಣ್ಣು. ಪೊರೆ ಹೋಗಿ ಬರಿ ಎಲುಬು ಉಳಿದರೆ ಬಂಡೆಯ ಮೇಲೆ ಸಸಿ ಹಚ್ಚಿದ ಹಾಗೆ, ಹಿಡಿಯುವುದಿಲ್ಲ.

ಬಂಡೆಯನ್ನೂ ಹದ ಮಾಡುವ ಉಪಾಯ ಒಂದಿದೆ. ತಲೆಬುರುಡೆಯ ಎಲುಬಿಗೆ ಹೊರಗೊಂದು, ಒಳಗೊಂದು ಗಟ್ಟಿ ಪದರ, ನಡುವೆ ರಕ್ತ ತುಂಬಿದ ಮೆತ್ತನೆಯ ಭಾಗ. ಹೊರಗಿನ ಪದರವನ್ನಷ್ಟೇ ತೆಳುವಾಗಿ ಉಜ್ಜಿದರೆ ಅಥವಾ ಸಣ್ಣ ತೂತು ಕೊರೆದರೆ, ನಡುವಿನ ಭಾಗದಿಂದ ಕೆಂಪು ಮಾಂಸ ಚಿಗುರಿ ಬರುತ್ತದೆ. ಕೆಲವು ವಾರಗಳ ಮೇಲೆ ಅದರ ಮೇಲೆ ನಾಟಿ ಮಾಡಬಹುದು. ಬೆಲೊಸ್ಟ್ ಎಂಬ ಫ್ರೆಂಚ್ ಶಸ್ತ್ರವೈದ್ಯರು 1696ರಷ್ಟು ಹಿಂದೆಯೇ ಎಲುಬಿಗೆ ಹೀಗೆ ತೂತು ಕೊರೆಯುವ ಬಗ್ಗೆ ಬರೆದಿದ್ದಾರೆ. ಆ ಅಕ್ಕ ಕೇಳಿದ್ದ "ತೂತಿನ" ಸುದ್ದಿ ಬಹುಶಃ ಇದೇ ಇರಬೇಕು. ಇದು ಮೆದುಳಿಗೆ ತಾಗುವ ತೂತಲ್ಲ.

ಮೂರನೆಯದು, ಫ್ಲ್ಯಾಪ್. ಗಾಯದ ಪಕ್ಕದ ತಲೆಚರ್ಮವನ್ನು ಮೂರು ಬದಿ ಬಿಡಿಸಿ, ಒಂದು ಬದಿ ರಕ್ತನಾಳ ಸಮೇತ ಹಾಗೇ ಉಳಿಸಿ, ತಿರುಗಿಸಿ ತಂದು ಗಾಯ ಮುಚ್ಚುವುದು. ಬಳ್ಳಿಯನ್ನು ಬೇರು ಕೀಳದೆ ಬಾಗಿಸಿ ಪಕ್ಕದ ಚಪ್ಪರಕ್ಕೆ ಹಬ್ಬಿಸಿದ ಹಾಗೆ. ಇದು ತನ್ನ ರಕ್ತವನ್ನು ತಾನೇ ತರುವುದರಿಂದ ಬರಿ ಎಲುಬಿನ ಮೇಲೂ ಹಿಡಿಯುತ್ತದೆ. ಕೂದಲಿರುವ ಚರ್ಮವೇ ಬರುವುದರಿಂದ ಕೂದಲೂ ಬರುತ್ತದೆ. ಫ್ಲ್ಯಾಪ್ ಎದ್ದು ಬಂದ ಜಾಗದಲ್ಲಿ ಎಲುಬಿನ ಪೊರೆ ಉಳಿದಿರುತ್ತದೆ, ಅಲ್ಲಿ ತೊಡೆಯ ಚರ್ಮ ನಾಟಿ ಮಾಡುತ್ತಾರೆ.

ನಾಲ್ಕನೆಯದು, ತಲೆಯ ಬಹುಭಾಗವೇ ಹೋದಾಗ ಮಾಡುವುದು. ಬೆನ್ನಿನಿಂದ ಅಥವಾ ತೊಡೆಯಿಂದ ಮಾಂಸ, ಚರ್ಮವನ್ನು ಅದರ ರಕ್ತನಾಳ ಸಮೇತ ಪೂರ್ತಿ ಬಿಡಿಸಿ ತಂದು, ತಲೆ ಕುತ್ತಿಗೆಯ ರಕ್ತನಾಳಕ್ಕೆ ಜೋಡಿಸುತ್ತಾರೆ. ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು ಬೇರೆ ಹೊಲದಲ್ಲಿ ಹಚ್ಚಿ, ಹೊಸ ಕಾಲುವೆಯಿಂದ ನೀರು ತಿರುವಿದ ಹಾಗೆ. ಆ ರಕ್ತನಾಳಗಳು 1, 2 ಮಿ.ಮೀ. ದಪ್ಪದವು. ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು, ಹಲವು ತಾಸು ಹಿಡಿಯುತ್ತದೆ. ಅಮೆರಿಕದ ಮೆಕ್ಲೀನ್ ಮತ್ತು ಬಂಕಿ ಎಂಬ ಸರ್ಜನ್‌ಗಳು ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಹೀಗೆ ತಲೆಗೆ ಜೋಡಿಸಿ ದೊಡ್ಡ ಗಾಯ ಮುಚ್ಚಿದ ವಿವರ 1972ರಲ್ಲಿ ಪ್ರಕಟವಾಯಿತು. ಇವತ್ತು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಈ ಆಪರೇಷನ್ ನಡೆಯುತ್ತದೆ.

ಇನ್ನೊಂದು ಉಪಾಯ ಬಲೂನಿನದು. ಒಳ್ಳೆಯ ತಲೆಚರ್ಮದ ಕೆಳಗೆ ಸಿಲಿಕೋನ್ ಚೀಲ ಇಟ್ಟು ವಾರ ವಾರ ಸ್ವಲ್ಪ ಸ್ವಲ್ಪ ಸಲೈನ್ ತುಂಬುತ್ತಾರೆ. ಬಸುರಿನಲ್ಲಿ ಹೊಟ್ಟೆಯ ಚರ್ಮ ಹಿಗ್ಗುವ ಹಾಗೆ ತಲೆಯ ಚರ್ಮ ಹಿಗ್ಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಕ್ಯಾನ್ಸರ್ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಮೊದಲು ಕ್ಯಾನ್ಸರ್ ತೆಗೆದು ನಾಟಿ ಮಾಡಿ, ಕಾಯಿಲೆ ಮರಳಿಲ್ಲ ಎಂದು ಖಚಿತವಾದ ಮೇಲೆ, ಕೂದಲು ಬೇಕೆನ್ನುವವರಿಗೆ ಇದನ್ನು ಮಾಡಬಹುದು.

ನಮ್ಮ ನೆಲದ ವಿದ್ಯೆ

ಫ್ಲ್ಯಾಪ್ ಎಂಬುದು ಇಂಗ್ಲಿಷ್ ಹೆಸರು, ಆದರೆ ವಿದ್ಯೆ ನಮ್ಮದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಇದೆ. 1792ರ ಶ್ರೀರಂಗಪಟ್ಟಣದ ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಜೊತೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬವರು ಸೆರೆಸಿಕ್ಕು ಮೂಗು ಕಳೆದುಕೊಂಡರು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ, ಇಟ್ಟಂಗಿ ಮಾಡುವ ಕುಲದ ಒಬ್ಬರು ಅವರಿಗೆ ಹೊಸ ಮೂಗು ಕಟ್ಟಿದರು. ಮೇಣದಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗುರುತು ಹಾಕಿ, ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವಿನ ಎಳೆ ಉಳಿಸಿಕೊಂಡು ಕೆಳಗೆ ತಿರುಗಿಸಿ ಕೂಡಿಸಿದರು. ಸುಮಾರು 25 ದಿನದ ಮೇಲೆ ಆ ಎಳೆ ಕತ್ತರಿಸಿದರು. ಲಂಡನ್ನಿನ ಪತ್ರಿಕೆಯೊಂದು 1794ರ ಅಕ್ಟೋಬರಿನಲ್ಲಿ ಇದನ್ನು ಅಚ್ಚು ಹಾಕಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ರೀತಿ ಮಾಡಿದರು. ಇವತ್ತು ತಲೆಯ ಗಾಯಕ್ಕೆ ಪಕ್ಕದ ಚರ್ಮ ತಿರುಗಿಸುವಾಗ ಸರ್ಜನ್ ಪಾಲಿಸುವ ನಿಯಮವೂ ಅದೇ: ರಕ್ತದ ಎಳೆ ಉಳಿಸಬೇಕು.

ಆ ಅಕ್ಕನ ಆಪರೇಷನ್

ಗಡ್ಡೆ ಎಲುಬಿನ ಪೊರೆಗೆ ಅಂಟಿದ್ದರಿಂದ ಪೊರೆಯನ್ನೂ ಸೇರಿಸಿ ತೆಗೆದರು. ಬರಿ ಎಲುಬು ಉಳಿಯಿತು. ಆದ್ದರಿಂದ ಹೆಡತಲೆಯ ಕಡೆಯಿಂದ ಕೂದಲಿರುವ ಚರ್ಮವನ್ನು ತಿರುಗಿಸಿ ತಂದು ಎಲುಬು ಮುಚ್ಚಿದರು. ಹಿಂದೆ ತೆರವಾದ ಜಾಗಕ್ಕೆ ತೊಡೆಯ ಚರ್ಮ ಹಾಕಿದರು. ಐದನೇ ದಿನ ಡ್ರೆಸಿಂಗ್ ಬಿಚ್ಚುವಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ನಾಟಿಯ ಒಂದು ಅಂಚು ಹಿಡಿದಿರಲಿಲ್ಲ, ಅದು ಮಾಯಲು ಇನ್ನೂ ಮೂರು ವಾರ ಬೇಕಾಯಿತು. ಉಳಿದದ್ದೆಲ್ಲ ಹಿಡಿದಿತ್ತು. ತೆಗೆದ ಗಡ್ಡೆಯ ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂತು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ನಮಗೆ ಗೊತ್ತಿದ್ದ ಇನ್ನೊಬ್ಬ ಹಿರಿಯರು ನಾಲ್ಕು ವರ್ಷ ಪಟಗಾದ ಕೆಳಗೆ ಗಾಯ ಮುಚ್ಚಿಟ್ಟುಕೊಂಡು ಬಂದರು. ಎಲುಬು ಕೊರೆದು ಮೆದುಳಿನ ಹೊದಿಕೆಗೆ ಮುಟ್ಟಿತ್ತು, ಕುತ್ತಿಗೆಯಲ್ಲಿ ಗಂಟುಗಳಿದ್ದವು. ಅವರಿಗೆ ನೋವು ಕಡಿಮೆ ಮಾಡುವ ಚಿಕಿತ್ಸೆಯಷ್ಟೇ ಆಯಿತು. ಕಾಯಿಲೆ ಒಂದೇ, ಬಂದ ಹೊತ್ತು ಬೇರೆ.

ಆಪರೇಷನ್ ಮುಂದೆ, ಹಿಂದೆ

ತಂಬಾಕು, ಗುಟ್ಕಾ, ಬೀಡಿ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ತಿರುಗಿಸಿದ ಚರ್ಮಕ್ಕೆ ರಕ್ತ ಸಾಲದೆ ಕಪ್ಪಾಗಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಡಾಕ್ಟರರಿಗೆ ಹೇಳಬೇಕು.

ಮನೆಗೆ ಬಂದ ಮೇಲೆ ಹೊಸ ಚರ್ಮದ ಮೇಲೆ ಭಾರ ಬೀಳುವಂತೆ ಮಲಗಬಾರದು. ಡಾಕ್ಟರರು ಹೇಳುವವರೆಗೆ ನೀರು ಹಾಕಬಾರದು. ಅರಿಶಿಣ, ಸುಣ್ಣ, ಎಲೆಯ ರಸ ಏನೂ ಹಚ್ಚಬಾರದು. ನಾಟಿ ಮಾಡಿದ ಚರ್ಮಕ್ಕೆ ಬೆವರು, ಜಿಡ್ಡು ಇರುವುದಿಲ್ಲ. ಪೂರ್ತಿ ಮಾದ ಮೇಲೆ ಕೊಬ್ಬರಿ ಎಣ್ಣೆ ತೆಳುವಾಗಿ ಸವರಬಹುದು. ಅಲ್ಲಿ ಸ್ಪರ್ಶವೂ ಕಡಿಮೆ, ಬಿಸಿಲಿಗೆ ಸುಟ್ಟರೂ ತಿಳಿಯುವುದಿಲ್ಲ. ಹೊರಗೆ ಹೋಗುವಾಗ ಮೆತ್ತನೆಯ ಹತ್ತಿ ಬಟ್ಟೆ ಕಟ್ಟಿಕೊಳ್ಳಬೇಕು. ಬೇಕೆಂದರೆ ಮಾದ ಮೇಲೆ ಕೃತಕ ಕೂದಲೂ ಹಾಕಿಕೊಳ್ಳಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಕೆಲವರಿಗೆ ಆಮೇಲೆ ರೇಡಿಯೇಷನ್ ಕೊಡುತ್ತಾರೆ. ಮೊದಲ 2 ವರ್ಷ ಕಾಯಿಲೆ ಮರಳುವ ಭಯ ಹೆಚ್ಚು, ಆದ್ದರಿಂದ ಕರೆದಾಗಲೆಲ್ಲ ತಪಾಸಣೆಗೆ ಹೋಗಲೇಬೇಕು. "ಈಗ ಆರಾಮ ಅದೀನಲ್ಲ, ಯಾಕ ಹೋಗ್ಬೇಕು?" ಎನ್ನಬೇಡಿ.

ಖರ್ಚು ಹೇಗೆ?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗೋಕಾಕದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಶಿಫಾರಸು ಪತ್ರ ತೆಗೆದುಕೊಳ್ಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಗಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅದರಲ್ಲಿ ಅವಕಾಶವಿದೆ. ಪಡಿತರ ಚೀಟಿ, ಆಧಾರ್, ಶಿಫಾರಸು ಪತ್ರ ಮೂರನ್ನೂ ಒಂದೇ ಚೀಲದಲ್ಲಿಡಿ. ಬೆಳಗಾವಿಯಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲು ದರದಲ್ಲಿ ರಿಯಾಯಿತಿ ಇದೆ, ಅದರ ಫಾರ್ಮನ್ನು ಆಸ್ಪತ್ರೆಯವರಿಂದ ತುಂಬಿಸಿ ಘಟಪ್ರಭಾ ಸ್ಟೇಷನ್ನಿನಲ್ಲಿ ಕೊಡಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಇಲ್ಲ.

ಆದರೂ ಊಟ, ವಸತಿ, ಜೊತೆಗಿದ್ದವರ ಕೂಲಿ ತಪ್ಪಿದ್ದು, ಇವು ಉಳಿಯುತ್ತವೆ. ಆ ಅಕ್ಕನಿಗೆ ಸಂಘದಿಂದ ಸಾಲ ಕೊಟ್ಟೆವು. ಅದಕ್ಕಿಂತ ದೊಡ್ಡ ಸಹಾಯ ಮಾಡಿದವರು ಇಬ್ಬರು ಸದಸ್ಯರು. ಮೊದಲು ಸರಿದು ಕೂಡುತ್ತಿದ್ದ ಅವರೇ ಆಸ್ಪತ್ರೆಯಲ್ಲಿ ಪಾಳಿಯಂತೆ ಜೊತೆಗಿದ್ದರು.

ನಾವೇನು ಮಾಡಬಹುದು?

ಪ್ರತಿ ಸಂಘದ ಸಭೆಯಲ್ಲೂ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳೋಣ: "ಯಾರಿಗಾದ್ರೂ ತಿಂಗಳ ಮ್ಯಾಲಾತು, ಗಾಯ ಮಾದಿಲ್ಲೇನ್ರಿ?" ಎಲ್ಲರ ಮುಂದೆ ಹೇಳಲು ಸಂಕೋಚ ಇದ್ದವರಿಗೆ ಒಳಗೆ ಹೇಳಲು ಅವಕಾಶ ಕೊಡೋಣ. ಮನೆಯಲ್ಲಿ ಅತ್ತೆಗೆ, ಅಜ್ಜನಿಗೆ ತಲೆ ಎರೆಯುವಾಗ ಬೆರಳಾಡಿಸಿ ನೋಡಿ. ಸುಟ್ಟ ಕಲೆ ಇರುವವರ ಹೆಸರು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರಲಿ. ಮಕ್ಕಳು ಒಲೆ, ದೀಪದ ಹತ್ತಿರ, ಬೆಲ್ಲದ ಕೊಪ್ಪರಿಗೆಯ ಹತ್ತಿರ ಹೋಗದಂತೆ ಕಾಯಿರಿ. ಇವತ್ತಿನ ಸುಟ್ಟ ಗಾಯವನ್ನು ಸರಿಯಾಗಿ ಮಾಯಿಸಿದರೆ ಮುಂದಿನ ಕ್ಯಾನ್ಸರನ್ನು ತಡೆದ ಹಾಗೆ.

ಆ ಅಕ್ಕ ಆಪರೇಷನ್ ಆಗಿ ಮೂರು ವರ್ಷ ಆಯಿತು. ತಪಾಸಣೆ ತಪ್ಪಿಸಿಲ್ಲ. ಸಾಲ ತೀರಿಸಿದ್ದಾರೆ. ಹೋದ ತಿಂಗಳ ಸಭೆಯಲ್ಲಿ ಹೊಸದಾಗಿ ಸೇರಿದ ಒಬ್ಬ ತಂಗಿ ಕುತ್ತಿಗೆಯ ಹಿಂದಿನ ಹುಣ್ಣನ್ನು ಮುಚ್ಚಿಕೊಳ್ಳುತ್ತಿದ್ದುದನ್ನು ಮೊದಲು ಕಂಡವರು ಅವರೇ. ಒಳಗೆ ಕರೆದುಕೊಂಡು ಹೋಗಿ, ತಮ್ಮ ಸೆರಗು ತೆಗೆದು ತೋರಿಸಿದರಂತೆ. "ನೋಡವಾ, ಮುಚ್ಚತಾರ. ಹೆದರಬ್ಯಾಡ. ನಾಳೆ ನಾನೂ ಬರ್ತೀನಿ, ನಡಿ" ಎಂದರಂತೆ. ಆ ತಂಗಿಯ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಬೇರೆ ಸೋಂಕು, ಔಷಧದಿಂದ ಮಾಯುತ್ತಿದೆ.

ಇವತ್ತು ಮನೆಗೆ ಹೋದ ಕೂಡಲೇ ಮನೆಯ ಹಿರಿಯರ ತಲೆಯನ್ನೊಮ್ಮೆ ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲ್ಲರ ಮುಂದೆ ಕೇಳಲಾಗದವರು ಚಹಾದ ಹೊತ್ತಿನಲ್ಲಿ ನಮ್ಮನ್ನು ಕಾಣಿರಿ, ನಾವು ಸಂಜೆಯವರೆಗೂ ಇಲ್ಲೇ ಇರುತ್ತೇವೆ.